ವಿವಾದವಿದೆ ಎಂದು ಆಸ್ತಿ ತೆರಿಗೆ ಕಟ್ಟಿಸಿಕೊಳ್ಳದ ಅಧಿಕಾರಿಗೆ ಹೈಕೋರ್ಟ್ ಆದೇಶ ತರುವುದು: ಸಮಗ್ರ ಮಾರ್ಗದರ್ಶಿ

ಆಸ್ತಿ ತೆರಿಗೆ ಕಟ್ಟಲು ಹೋದವರನ್ನು ‘ಈ ಸ್ವತ್ತಿನ ಮೇಲೆ ತಕರಾರಿದೆ’, ‘ಹಳೆಯ ಬಾಕಿ ಪೂರ್ತಿ ತೀರಿಸಿದರೆ ಮಾತ್ರ’, ‘ಸಿಸ್ಟಂನಲ್ಲಿ ಲಾಕ್ ಆಗಿದೆ’ ಎಂದು ಬಾಯಿಮಾತಿನಲ್ಲೇ ವಾಪಸು ಕಳುಹಿಸುವುದು ಕರ್ನಾಟಕದ ಪಾಲಿಕೆ, ನಗರಸಭೆ, ಗ್ರಾಮ ಪಂಚಾಯಿತಿಗಳಲ್ಲಿ ಆಗಾಗ ನಡೆಯುತ್ತದೆ. ಬೇಸತ್ತವರು ಹೈಕೋರ್ಟಿಗೆ ಹೋಗುತ್ತಾರೆ. ಆದರೆ ಅಲ್ಲಿ ಹೆಚ್ಚಿನವರು ಎಡವುವುದು ಎರಡೇ ಜಾಗಗಳಲ್ಲಿ. ಅಧಿಕಾರಿ ನಿರಾಕರಿಸಿದ್ದಕ್ಕೆ ದಾಖಲೆ ಎಲ್ಲಿ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇಲ್ಲವೇ ‘ಮನವಿಯನ್ನು ಪರಿಗಣಿಸಿ’ ಎಂಬಷ್ಟೇ ಆದೇಶ ಸಿಕ್ಕಿ, ತಿಂಗಳುಗಳ ನಂತರ ಅದೇ ಕೌಂಟರಿನಲ್ಲಿ ಅದೇ ಮಾತನ್ನು ಈ ಬಾರಿ ಬರಹದಲ್ಲಿ ಪಡೆಯಬೇಕಾಗುತ್ತದೆ. ಎರಡಕ್ಕೂ ಮೂಲ ಒಂದೇ: ನ್ಯಾಯಾಲಯಕ್ಕೆ ಹೋಗುವ ಮುಂಚೆ ಕಚೇರಿಯಲ್ಲಿ ಮಾಡಬೇಕಾದ ಕೆಲಸವನ್ನು ಮಾಡದಿರುವುದು. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧ ಭಾಗ ನ್ಯಾಯಾಲಯದ ಹೊರಗಿನ ಕೆಲಸದ ಕುರಿತೇ ಇದೆ.

## ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದದ್ದು

ಕ್ರಯಪತ್ರ, ವಿಭಾಗಪತ್ರ ಅಥವಾ ಉಯಿಲಿನ ಪ್ರತಿ, ಖಾತಾ ಪ್ರತಿ (ಗ್ರಾಮ ಪಂಚಾಯಿತಿಯಾದರೆ ನಮೂನೆ 9 ಮತ್ತು 11), ಹಿಂದಿನ ವರ್ಷಗಳ ತೆರಿಗೆ ರಸೀದಿಗಳು, ಬಂದಿರುವ ಬೇಡಿಕೆ ನೋಟಿಸುಗಳು ಹಾಗೂ ಸ್ವಾಧೀನವನ್ನು ತೋರಿಸುವ ವಿದ್ಯುತ್ ಮತ್ತು ನೀರಿನ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಆಸ್ತಿಯ ಬಗ್ಗೆ ಸಿವಿಲ್ ದಾವೆ ನಡೆಯುತ್ತಿದ್ದರೆ ದಾವಾಪತ್ರ, ಲಿಖಿತ ಹೇಳಿಕೆ ಮತ್ತು ತಡೆಯಾಜ್ಞೆಯ ಪ್ರತಿಗಳೂ ಬೇಕು. ದಾವೆಯ ವಿಷಯ ಹೇಳಿದರೆ ಅರ್ಜಿ ದುರ್ಬಲವಾಗುತ್ತದೆ ಎಂದು ಅದನ್ನು ಮುಚ್ಚಿಡುವವರಿದ್ದಾರೆ. ಇದು ಅತ್ಯಂತ ದುಬಾರಿಯಾಗುವ ತಪ್ಪು. ರಿಟ್ (ಅಧಿಕಾರಿಗೆ ಹೈಕೋರ್ಟ್ ಹೊರಡಿಸುವ ಆದೇಶ) ಎಂಬುದು ನ್ಯಾಯಾಲಯದ ವಿವೇಚನೆಗೆ ಸೇರಿದ ಪರಿಹಾರವಾದ್ದರಿಂದ, ಮುಖ್ಯ ಸಂಗತಿಯನ್ನು ಮರೆಮಾಚಿದ್ದು ಹೊರಬಿದ್ದರೆ ಉಳಿದ ವಾದವನ್ನು ಕೇಳದೆಯೇ ಅರ್ಜಿಯನ್ನು ವಜಾ ಮಾಡಬಹುದು.

## ಹಂತ 1: ವಿವಾದ ಯಾವ ಬಗೆಯದು ಎಂದು ಗುರುತಿಸುವುದು

‘ವಿವಾದಿತ ತೆರಿಗೆ’ ಎಂಬ ಒಂದೇ ಮಾತಿನಡಿ ಮೂರು ಬೇರೆ ಬೇರೆ ಸಂದರ್ಭಗಳು ಬರುತ್ತವೆ, ಮತ್ತು ಮೂರಕ್ಕೂ ದಾರಿ ಬೇರೆ.

ಮೊದಲನೆಯದು ಮೊತ್ತದ ವಿವಾದ. ಕಚೇರಿ ಕೇಳುವ ಮೊತ್ತ ಹೆಚ್ಚು, ನಿಮ್ಮ ಲೆಕ್ಕದ ಮೊತ್ತ ಕಡಿಮೆ. ನೀವು ಒಪ್ಪುವಷ್ಟನ್ನು ಕಟ್ಟಲು ಹೋದರೆ ಭಾಗಶಃ ಪಾವತಿ ಸಾಧ್ಯವಿಲ್ಲ ಎನ್ನುತ್ತಾರೆ. ಇಲ್ಲಿ ನನ್ನ ಸ್ಪಷ್ಟ ಸಲಹೆ ಏನೆಂದರೆ, ಕೈಗೆಟಕುವ ಮೊತ್ತವಾಗಿದ್ದರೆ ‘ಆಕ್ಷೇಪಣೆಯೊಂದಿಗೆ ಪಾವತಿಸಲಾಗಿದೆ’ ಎಂಬ ಪತ್ರ ಕೊಟ್ಟು ಪೂರ್ತಿ ಕಟ್ಟಿ, ಹೆಚ್ಚುವರಿ ಹಣದ ಮರುಪಾವತಿಗೆ ಮೇಲ್ಮನವಿ ಹಾಕುವುದು ಮೇಲು. ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ವಸೂಲಿ ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿ ಹೇಳುತ್ತದೆ. ತಪ್ಪು ತಿಳಿವಳಿಕೆಯಿಂದಲೋ ಒತ್ತಾಯದಿಂದಲೋ ಕೊಟ್ಟ ಹಣವನ್ನು ಹಿಂದಿರುಗಿಸಬೇಕೆಂಬ ಕರಾರು ಅಧಿನಿಯಮ 1872ರ 72ನೇ ಪ್ರಕರಣ (ಸೆಕ್ಷನ್) ತೆರಿಗೆಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1959ರ ಕನ್ಹಯ್ಯಾಲಾಲ್ ಪ್ರಕರಣದಲ್ಲಿ ಹೇಳಿದೆ. ಹಣ ಕಟ್ಟಿಸಿಕೊಳ್ಳಿ ಎಂಬ ಆದೇಶಕ್ಕಾಗಿ ಹೈಕೋರ್ಟಿಗೆ ಹೋಗಬೇಕಾದದ್ದು ಆಕ್ಷೇಪಣೆಯ ಪತ್ರವನ್ನೋ ಹಣವನ್ನೋ ಮುಟ್ಟಲೂ ಒಪ್ಪದಿದ್ದಾಗ ಮಾತ್ರ.

ಎರಡನೆಯದು ಹಕ್ಕಿನ ವಿವಾದ. ಅಣ್ಣತಮ್ಮಂದಿರಲ್ಲಿ ಪಾಲಿನ ದಾವೆ ನಡೆಯುತ್ತಿದೆ, ಅಥವಾ ಮೂರನೆಯವರೊಬ್ಬರು ತಕರಾರು ಅರ್ಜಿ ಕೊಟ್ಟಿದ್ದಾರೆ ಎಂಬ ಕಾರಣಕ್ಕೆ ಯಾರಿಂದಲೂ ತೆರಿಗೆ ತೆಗೆದುಕೊಳ್ಳುವುದಿಲ್ಲ ಎನ್ನುವ ಸಂದರ್ಭ. ನ್ಯಾಯಾಲಯದ ಆದೇಶ ನಿಜಕ್ಕೂ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಇಲ್ಲಿಯೇ.

ಮೂರನೆಯದು ಸ್ವತ್ತಿನ ಸ್ವರೂಪದ ವಿವಾದ, ಅಂದರೆ ಅನಧಿಕೃತ ಬಡಾವಣೆ ಅಥವಾ ನಕ್ಷೆ ಮೀರಿ ಕಟ್ಟಿದ ಕಟ್ಟಡ. ಇಂಥ ಕಟ್ಟಡಗಳಿಂದಲೂ ತೆರಿಗೆ ವಸೂಲಿ ಮಾಡಿ ಪ್ರತ್ಯೇಕ ವಹಿಯಲ್ಲಿ ದಾಖಲಿಸಲು ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮ 1976ರ 108ಎ ಪ್ರಕರಣ ಅವಕಾಶ ನೀಡುತ್ತದೆ; ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂದೂ ಅಲ್ಲಿಯೇ ಹೇಳಿದೆ.

## ಹಂತ 2: ಅಧಿಕಾರಿಯ ಕರ್ತವ್ಯ ಯಾವ ಕಾನೂನಿನಲ್ಲಿದೆ ಎಂದು ಹುಡುಕುವುದು

ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್ ಹೊರಡಿಸುವ ಪರಮಾದೇಶ ರಿಟ್ (ವಕೀಲರು ಮ್ಯಾಂಡಮಸ್ ಎನ್ನುವುದು ಇದನ್ನೇ) ಸಿಗಬೇಕಾದರೆ ಅರ್ಜಿದಾರರಿಗೆ ಕಾನೂನಿನ ಹಕ್ಕು ಇರಬೇಕು, ಅಧಿಕಾರಿಗೆ ಕಾನೂನಿನ ಕರ್ತವ್ಯ ಇರಬೇಕು, ಆ ಕರ್ತವ್ಯವನ್ನು ಮಾಡಿ ಎಂದು ಕೇಳಿದ್ದಕ್ಕೆ ನಿರಾಕರಣೆ ಬಂದಿರಬೇಕು. ಕೇಳಿಕೆ ಮತ್ತು ನಿರಾಕರಣೆ ಇರಬೇಕೆಂಬ ನಿಯಮವನ್ನು ಸುಪ್ರೀಂ ಕೋರ್ಟ್ 1974ರ ಸರಸ್ವತಿ ಇಂಡಸ್ಟ್ರಿಯಲ್ ಸಿಂಡಿಕೇಟ್ ತೀರ್ಪಿನಲ್ಲಿ ಎತ್ತಿಹಿಡಿದಿದೆ.

ಕರ್ತವ್ಯವನ್ನು ತೋರಿಸಲು ನಿಮ್ಮ ಸ್ವತ್ತು ಯಾವ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲು ತಿಳಿಯಬೇಕು. ಮಹಾನಗರ ಪಾಲಿಕೆಗೆ 1976ರ ಅಧಿನಿಯಮ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಕರ್ನಾಟಕ ಪೌರಸಭೆಗಳ ಅಧಿನಿಯಮ 1964. ಹಳ್ಳಿಗಳಿಗೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993, ಅದರಲ್ಲಿ 199ನೇ ಪ್ರಕರಣ. ಬೆಂಗಳೂರಿನವರು ಇನ್ನೂ ಒಂದು ಎಚ್ಚರ ವಹಿಸಬೇಕು: ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ 2024 ಜಾರಿಗೆ ಬಂದು, 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ಹಳೆಯ ಮಾದರಿ ಅರ್ಜಿಯನ್ನು ನಕಲು ಮಾಡಿ ಬಿಬಿಎಂಪಿ ಆಯುಕ್ತರನ್ನೇ ಪ್ರತಿವಾದಿ ಮಾಡಿದರೆ ತಿದ್ದುಪಡಿಯಲ್ಲೇ ಕಾಲ ಕಳೆಯುತ್ತದೆ.

ಕಾನೂನಿನ ಪ್ರಕರಣವನ್ನು ಓದುವಾಗ ತೆರಿಗೆಯ ಹೊಣೆ ಯಾರ ಮೇಲಿದೆ ಎಂಬ ಮಾತನ್ನು ಹುಡುಕಿ. ‘ಮಾಲೀಕ ಅಥವಾ ಅನುಭೋಗದಾರ’ ಎಂದಿದ್ದರೆ ಹಕ್ಕಿನ ವಿವಾದದಲ್ಲಿ ನಿಮ್ಮ ಮುಖ್ಯ ವಾದ ಅಲ್ಲಿಯೇ ಸಿಕ್ಕಂತೆ. ಒಡೆಯ ಯಾರು ಎಂಬುದನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸಲಿ, ಸ್ವಾಧೀನದಲ್ಲಿರುವವರ ಮೇಲೆ ಕಾನೂನೇ ತೆರಿಗೆಯ ಹೊಣೆ ಹೊರಿಸಿರುವಾಗ ಅವರು ತಂದ ಹಣವನ್ನು ನಿರಾಕರಿಸಲು ಅಧಿಕಾರಿಗೆ ಆಧಾರವೇನು ಎಂಬುದೇ ಆ ವಾದ.

## ಹಂತ 3: ಹಣವನ್ನು ಬರಹದಲ್ಲಿ ಮುಂದಿಡುವುದು

ಇದೇ ಇಡೀ ಕೆಲಸದ ಬುನಾದಿ. ಕೌಂಟರಿನಲ್ಲಿ ನಿಂತು ಕೇಳಿದ್ದು, ಬಿಲ್ ಕಲೆಕ್ಟರ್ ಜೊತೆ ಫೋನಿನಲ್ಲಿ ಮಾತನಾಡಿದ್ದು, ಪರಿಚಯದವರಿಂದ ಹೇಳಿಸಿದ್ದು ಯಾವುದೂ ನ್ಯಾಯಾಲಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸ್ಥಳೀಯ ಸಂಸ್ಥೆಯ ಖಾತೆ ಯಾವ ಹೆಸರಿನಲ್ಲಿದೆ ಎಂದು ಖಚಿತಪಡಿಸಿಕೊಂಡು ಅದೇ ಹೆಸರಿಗೆ ಬ್ಯಾಂಕಿನಿಂದ ಡಿಡಿ (ಡಿಮಾಂಡ್ ಡ್ರಾಫ್ಟ್) ತೆಗೆಸಿ, ಅದರ ಎರಡೂ ಬದಿಯ ಪ್ರತಿ ಇಟ್ಟುಕೊಳ್ಳಿ. ಡಿಡಿಯ ಜೊತೆಗೆ ಆಯುಕ್ತರು, ಮುಖ್ಯಾಧಿಕಾರಿ ಅಥವಾ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಒಂದು ಪತ್ರ ಬೇಕು. ಅದರಲ್ಲಿ ಸ್ವತ್ತಿನ ಸಂಖ್ಯೆ, ಯಾವ ವರ್ಷದ ತೆರಿಗೆ, ಮೊತ್ತವನ್ನು ಹೇಗೆ ಲೆಕ್ಕ ಹಾಕಿದಿರಿ, ಕಾನೂನಿನ ಯಾವ ಪ್ರಕರಣದಡಿ ಕಟ್ಟುತ್ತಿದ್ದೀರಿ ಎಂಬ ವಿವರ ಇರಲಿ. ಪತ್ರದ ತಿರುಳು ಹೀಗಿರಬಹುದು:

‘ಮೇಲ್ಕಂಡ ಸ್ವತ್ತಿಗೆ ಸಂಬಂಧಿಸಿದ ತೆರಿಗೆ ಮೊತ್ತವನ್ನು ಈ ಡಿಡಿಯ ಮೂಲಕ ಸಲ್ಲಿಸುತ್ತಿದ್ದೇನೆ. ಈ ಪಾವತಿಯಿಂದ ಬಾಕಿ ಇರುವ ದಾವೆಯಲ್ಲಿ ಯಾವುದೇ ಪಕ್ಷಕಾರರ ಹಕ್ಕಿಗೆ ಬಾಧಕವಾಗುವುದಿಲ್ಲ ಎಂಬುದನ್ನು ಒಪ್ಪಿದ್ದೇನೆ. ಮೊತ್ತವನ್ನು ಸ್ವೀಕರಿಸಿ ರಸೀದಿ ನೀಡಬೇಕು. ಸ್ವೀಕರಿಸಲು ಸಾಧ್ಯವಿಲ್ಲದಿದ್ದಲ್ಲಿ ಕಾನೂನಿನ ಯಾವ ಉಪಬಂಧದಡಿ ಎಂಬುದನ್ನು ತಿಳಿಸಿ ಕಾರಣಸಹಿತ ಹಿಂಬರಹ ನೀಡಬೇಕು.’

ಹಿಂಬರಹವೆಂದರೆ ನಿಮ್ಮ ಪತ್ರಕ್ಕೆ ಕಚೇರಿ ಕೊಡುವ ಲಿಖಿತ ಉತ್ತರ. ಎರಡನೆಯ ವಾಕ್ಯವನ್ನು ಬಿಡಬಾರದು. ರಸೀದಿ ಕೊಟ್ಟರೆ ನಾಳೆ ಅದನ್ನೇ ಒಡೆತನದ ಪುರಾವೆ ಎಂದು ತೋರಿಸುತ್ತಾರೆ ಎಂಬ ಅಧಿಕಾರಿಯ ಅಳುಕು ಪೂರ್ತಿ ಆಧಾರವಿಲ್ಲದ್ದಲ್ಲ. ಆ ಅಳುಕನ್ನು ನೀವೇ ತೆಗೆದರೆ ಎಷ್ಟೋ ಸಲ ವ್ಯವಹಾರ ಅಲ್ಲಿಗೇ ಮುಗಿಯುತ್ತದೆ. ಕಂದಾಯ ದಾಖಲೆಯ ನಮೂದು ಒಡೆತನವನ್ನು ಸೃಷ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರ ಸಾವರ್ಣಿ ಪ್ರಕರಣದಲ್ಲಿ ಹೇಳಿದೆ. ಅದನ್ನು ಪತ್ರದಲ್ಲಿ ಉಲ್ಲೇಖಿಸಿದರೂ ತಪ್ಪಿಲ್ಲ. ತೆರಿಗೆ ಕಟ್ಟಿ ಹಕ್ಕು ಗಟ್ಟಿ ಮಾಡಿಕೊಳ್ಳುವುದೇ ನಿಮ್ಮ ಉದ್ದೇಶವಾಗಿದ್ದರೆ ಈ ದಾರಿ ನಿಮಗೆ ಏನನ್ನೂ ಕೊಡುವುದಿಲ್ಲ.

ಇಲ್ಲಿ ಪದೇ ಪದೇ ಕಾಣುವ ತಪ್ಪುಗಳಲ್ಲಿ ಮೊದಲನೆಯದು ಷರತ್ತು ಹಾಕುವುದು. ‘ಖಾತೆ ನನ್ನ ಹೆಸರಿಗೆ ಮಾಡಿಕೊಡುವುದಾದರೆ ಈ ಹಣ ಸ್ವೀಕರಿಸಿ’ ಎಂದು ಬರೆದರೆ ಅಧಿಕಾರಿ ನಿರಾಕರಿಸಿದ್ದು ತೆರಿಗೆಯನ್ನಲ್ಲ, ಷರತ್ತನ್ನು ಎಂದಾಗುತ್ತದೆ. ಖಾತಾ ಬದಲಾವಣೆಯ ಅರ್ಜಿ ಬೇರೆಯೇ ಇರಲಿ. ಎರಡನೆಯದು, ಪಾಲಿಕೆಯ ಬ್ಯಾಂಕ್ ಖಾತೆ ಸಂಖ್ಯೆ ಹುಡುಕಿ ನೇರವಾಗಿ ಹಣ ವರ್ಗಾಯಿಸಿಬಿಡುವುದು. ಆ ಹಣ ನಿಮ್ಮ ಸ್ವತ್ತಿನ ಲೆಕ್ಕಕ್ಕೆ ಸೇರುವುದಿಲ್ಲ, ರಸೀದಿ ಬರುವುದಿಲ್ಲ, ವಾಪಸು ಪಡೆಯುವುದು ಇನ್ನೊಂದು ಪ್ರಕರಣವಾಗುತ್ತದೆ. ಮೂರನೆಯದು ಚಿಕ್ಕದಾದರೂ ಕಾಡುವಂಥದ್ದು: ಡಿಡಿಯ ಆಯುಷ್ಯ 3 ತಿಂಗಳು ಮಾತ್ರ. ಪ್ರಕರಣ ನಡೆಯುವಾಗ ಅವಧಿ ಮೀರಿದರೆ ಬ್ಯಾಂಕಿನಲ್ಲಿ ಅದನ್ನು ನವೀಕರಿಸಿಕೊಳ್ಳಬೇಕು ಅಥವಾ ರದ್ದು ಮಾಡಿ ಹೊಸದು ಪಡೆಯಬೇಕು.

ಏಪ್ರಿಲ್ ತಿಂಗಳಲ್ಲಿ ಪೂರ್ತಿ ವರ್ಷದ ತೆರಿಗೆ ಕಟ್ಟಿದವರಿಗೆ ಶೇ 5 ರಿಯಾಯಿತಿ ಸಿಗುವ ಸಂಸ್ಥೆಗಳಲ್ಲಿ ಈ ಪತ್ರವನ್ನು ಏಪ್ರಿಲ್‌ನಲ್ಲೇ ಕೊಡುವುದು ಒಳ್ಳೆಯದು. ಮುಂದೆ ಬಡ್ಡಿ, ದಂಡ ಬೇಡ ಎಂದು ಕೇಳುವಾಗ ಗಡುವಿನೊಳಗೇ ಹಣ ತಂದಿದ್ದೆ ಎಂಬುದಕ್ಕೆ ಅದರ ದಿನಾಂಕವೇ ಸಾಕ್ಷಿ.

## ಹಂತ 4: ಹಿಂಬರಹ ಪಡೆಯುವುದು

ಪತ್ರವನ್ನು ಕೌಂಟರಿನಲ್ಲಿ ಕೊಡದೆ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ತಲುಪಿದ ಸ್ವೀಕೃತಿ ಬರುವ ಅಂಚೆಯಲ್ಲಿ ಕಳುಹಿಸಿ, ಸಂಸ್ಥೆಯ ಅಧಿಕೃತ ಇಮೇಲ್ ವಿಳಾಸಕ್ಕೂ ಹಾಕಿ. ‘ತೆಗೆದುಕೊಳ್ಳಲು ನಿರಾಕರಿಸಲಾಗಿದೆ’ ಎಂಬ ಷರಾ ಬರೆದು ಲಕೋಟೆ ಹಿಂದಿರುಗಿದರೆ ಅದನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ. ನಿಮಗೆ ಬೇಕಾದ ನಿರಾಕರಣೆಗೆ ಅದೇ ದಾಖಲೆ.

ಅಧಿಕಾರಿ ಹಿಂಬರಹ ಕೊಟ್ಟರಂತೂ ಅದು ನಿಮಗೆ ಒಳ್ಳೆಯದೇ, ಅದರಲ್ಲಿ ಎಷ್ಟೇ ಕಟುವಾಗಿ ಬರೆದಿದ್ದರೂ ಸರಿ. ಆದೇಶವೊಂದರ ಸಿಂಧುತ್ವವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಹೊಸ ಕಾರಣಗಳನ್ನು ತುಂಬುವಂತಿಲ್ಲ ಎಂಬುದು 1978ರ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಿಂದ ಗಟ್ಟಿಯಾಗಿರುವ ನಿಯಮ. ‘ತಕರಾರಿದೆ’ ಎಂಬಷ್ಟೇ ಕಾರಣ ಬರೆದ ಅಧಿಕಾರಿ ಆರು ತಿಂಗಳ ನಂತರ ಹತ್ತು ಕಾರಣ ಹೇಳಿದರೂ ನಿಮ್ಮ ವಕೀಲರು ಅದನ್ನು ತಡೆಯಬಲ್ಲರು. ಹಿಂಬರಹವಿಲ್ಲದೆ ಹೋದವರಿಗೆ ಈ ಅನುಕೂಲವಿಲ್ಲ.

ಉತ್ತರವೇ ಬರದಿದ್ದರೆ ಎರಡು ಮೂರು ವಾರ ಕಾದು ನೆನಪೋಲೆ ಕಳುಹಿಸಿ. ಅದರ ಜೊತೆಗೆ ಮಾಹಿತಿ ಹಕ್ಕು ಅಧಿನಿಯಮ 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ನಿಮ್ಮ ಪತ್ರದ ಮೇಲಿನ ಕಡತದ ಟಿಪ್ಪಣಿಗಳ ಪ್ರತಿ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಹತ್ತು ವಿಷಯ ತುಂಬಿದ ಅರ್ಜಿ ತಿರಸ್ಕಾರಕ್ಕೆ ದಾರಿ ಮಾಡಿಕೊಡುತ್ತದೆ. ‘ಮೇಲಿನವರು ಬೇಡ ಎಂದಿದ್ದಾರೆ’ ಎಂಬಂಥ ಟಿಪ್ಪಣಿ ಕಡತದಲ್ಲಿ ಸಿಕ್ಕರೆ, ತನ್ನ ವಿವೇಚನೆಯನ್ನು ತಾನು ಬಳಸದೆ ಬೇರೆಯವರ ಮಾತಿಗೆ ಒಪ್ಪಿಸಿದ ಅಧಿಕಾರಿಯ ನಿರ್ಧಾರ ನಿಲ್ಲುವುದು ಕಷ್ಟ.

## ಹಂತ 5: ರಿಟ್, ಮೇಲ್ಮನವಿ, ದಾವೆ: ಯಾವ ಬಾಗಿಲು?

ಕಾನೂನಿನಲ್ಲೇ ಮೇಲ್ಮನವಿಗೆ ಅವಕಾಶವಿದ್ದರೆ ಹೈಕೋರ್ಟ್ ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗಿ ಎನ್ನುತ್ತದೆ. ಗ್ರಾಮ ಪಂಚಾಯಿತಿಯ ಆದೇಶಗಳಿಗೆ 1993ರ ಅಧಿನಿಯಮದ 269ನೇ ಪ್ರಕರಣದ ಮೇಲ್ಮನವಿ ಇದೆ. ತೆರಿಗೆ ನಿರ್ಧರಣೆಯ ಮೊತ್ತವನ್ನು ಪ್ರಶ್ನಿಸುವುದಾದರೆ ಈ ದಾರಿಯನ್ನು ಬಿಟ್ಟು ರಿಟ್ ಹಾಕುವುದು ವ್ಯರ್ಥ. ಆದರೆ ಪರ್ಯಾಯ ಪರಿಹಾರವಿದೆ ಎಂಬುದು ಪೂರ್ಣ ನಿಷೇಧವಲ್ಲ. ಮೂಲಭೂತ ಹಕ್ಕಿನ ಜಾರಿ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವ್ಯಾಪ್ತಿಯೇ ಇಲ್ಲದ ಕ್ರಮ, ಕಾನೂನಿನ ಸಿಂಧುತ್ವದ ಪ್ರಶ್ನೆ ಇರುವಲ್ಲಿ ರಿಟ್ ನಡೆಯುತ್ತದೆ ಎಂದು 1998ರ ವರ್ಲ್‌ಪೂಲ್ ತೀರ್ಪು ಹೇಳುತ್ತದೆ. ಅಧಿಕಾರಿ ಆದೇಶವನ್ನೇ ಮಾಡದೆ ಹಣವನ್ನು ಹಿಂದಕ್ಕೆ ತಳ್ಳಿದ್ದರೆ ಮೇಲ್ಮನವಿ ಹಾಕಲು ಆದೇಶವೇ ಇಲ್ಲ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಸ್ವಾಧೀನದಲ್ಲಿ ಯಾರಿದ್ದಾರೆ ಎಂಬುದೇ ವಿವಾದವಾಗಿದ್ದರೆ ರಿಟ್ ಸರಿಯಾದ ಜಾಗವಲ್ಲ. ಸಾಕ್ಷ್ಯ ವಿಚಾರಣೆ ಬೇಕಾದ ಸಂಗತಿಗಳನ್ನು ಹೈಕೋರ್ಟ್ ರಿಟ್‌ನಲ್ಲಿ ತೀರ್ಮಾನಿಸುವುದಿಲ್ಲ. ಆಗ ಸಿವಿಲ್ ದಾವೆಯೇ ಗತಿ. ಸರ್ಕಾರದ ಅಥವಾ ಸಾರ್ವಜನಿಕ ಅಧಿಕಾರಿಯ ವಿರುದ್ಧದ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಂತೆ ಎರಡು ತಿಂಗಳ ಮುಂಗಡ ನೋಟಿಸು ಬೇಕಾಗುತ್ತದೆ. ತುರ್ತಿದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆಯೂ ದಾವೆ ಹೂಡಬಹುದು.

## ಹಂತ 6: ಅರ್ಜಿ ಸಲ್ಲಿಸುವುದು

ಕರ್ನಾಟಕ ಹೈಕೋರ್ಟಿನ ಪ್ರಧಾನ ಪೀಠ ಬೆಂಗಳೂರಿನಲ್ಲಿದೆ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಸ್ವತ್ತು ಇರುವ ಜಿಲ್ಲೆ ಯಾವ ಪೀಠಕ್ಕೆ ಸೇರುತ್ತದೋ ಅಲ್ಲಿ ಸಲ್ಲಿಸಬೇಕು. ಪ್ರಮಾಣಪತ್ರ, ವಕಾಲತ್ತು, ದಿನಾಂಕಗಳ ಪಟ್ಟಿ, ಅನುಬಂಧಗಳನ್ನು ವಕೀಲರು ಸಿದ್ಧಪಡಿಸುತ್ತಾರೆ. ಮಸುಕಾದ ಅಥವಾ ಕೈಬರಹದ ದಾಖಲೆಗಳಿಗೆ ಟೈಪ್ ಮಾಡಿದ ಪ್ರತಿಯನ್ನು ನೀವೇ ಮೊದಲೇ ಕೊಟ್ಟರೆ ಕಚೇರಿ ಆಕ್ಷೇಪಣೆಗಳಲ್ಲಿ ಕಾಲಹರಣವಾಗುವುದಿಲ್ಲ.

ಪ್ರತಿವಾದಿಗಳ ಆಯ್ಕೆಯಲ್ಲಿ ಮಾತ್ರ ನೀವೇ ಗಮನವಿಡಬೇಕು. ರಾಜ್ಯ ಸರ್ಕಾರದ ಸಂಬಂಧಪಟ್ಟ ಇಲಾಖೆ, ಸ್ಥಳೀಯ ಸಂಸ್ಥೆ, ನಿರಾಕರಿಸಿದ ಅಧಿಕಾರಿಯ ಹುದ್ದೆ ಇರಲೇಬೇಕು. ತಕರಾರು ಅರ್ಜಿ ಕೊಟ್ಟ ಎದುರಾಳಿಯನ್ನೂ ಸೇರಿಸಿ. ಅವರನ್ನು ಬಿಟ್ಟರೆ ಆದೇಶ ಬೇಗ ಸಿಗುತ್ತದೆ ಎಂಬ ಲೆಕ್ಕಾಚಾರ ತಿರುಗುಬಾಣವಾಗುತ್ತದೆ. ತಮ್ಮ ಬೆನ್ನ ಹಿಂದೆ ಆದೇಶವಾಯಿತು ಎಂದು ಅವರು ಬಂದು ಅದನ್ನು ತೆರವುಗೊಳಿಸಬಹುದು. ರಿಟ್‌ಗೆ ನಿರ್ದಿಷ್ಟ ಕಾಲಮಿತಿ ಇಲ್ಲವಾದರೂ, ನಿರಾಕರಣೆಯಾಗಿ ವರ್ಷಗಳು ಕಳೆದ ಮೇಲೆ ಬಂದವರು ವಿಳಂಬಕ್ಕೆ ಕಾರಣ ಹೇಳಬೇಕಾಗುತ್ತದೆ.

## ಹಂತ 7: ಕೋರಿಕೆಯನ್ನು ಬರೆಯುವುದು

ಅರ್ಜಿಯ ಕೊನೆಯ ಪುಟದಲ್ಲಿರುವ ಕೋರಿಕೆಯನ್ನು ಓದದೆ ಸಹಿ ಹಾಕಬೇಡಿ. ‘ಅರ್ಜಿದಾರರ ಮನವಿಯನ್ನು ಪರಿಗಣಿಸುವಂತೆ ನಿರ್ದೇಶಿಸಿ’ ಎಂದು ಮಾತ್ರ ಬರೆದಿದ್ದರೆ ಮೊದಲ ದಿನವೇ ಆ ಆದೇಶ ಸಿಗಬಹುದು, ಏಕೆಂದರೆ ಸರ್ಕಾರಿ ವಕೀಲರಿಗೂ ಅದರಿಂದ ತೊಂದರೆಯಿಲ್ಲ. ಪರಿಗಣಿಸುವುದೆಂದರೆ ಒಪ್ಪುವುದಲ್ಲ. ಪರಿಗಣಿಸಿ ತಿರಸ್ಕರಿಸಿದರೂ ಆದೇಶದ ಪಾಲನೆಯಾದಂತೆಯೇ. ಇಂಥ ‘ಪರಿಗಣಿಸಿ’ ಆದೇಶಗಳಿಂದ ಹುಟ್ಟುವ ಗೊಂದಲವನ್ನು ಸುಪ್ರೀಂ ಕೋರ್ಟ್ 2006ರ ಶ್ರೀನಿವಾಸ ರೆಡ್ಡಿ ಮತ್ತು 2008ರ ಸಿ. ಜೇಕಬ್ ಪ್ರಕರಣಗಳಲ್ಲಿ ವಿವರವಾಗಿಯೇ ಚರ್ಚಿಸಿದೆ.

ಕೋರಿಕೆಯಲ್ಲಿ ಹಿಂಬರಹವನ್ನು ರದ್ದುಪಡಿಸುವ ಮಾತು, ಇಂಥ ಸ್ವತ್ತಿಗೆ ಇಂಥ ವರ್ಷದ ತೆರಿಗೆಯನ್ನು ಸ್ವೀಕರಿಸಿ ರಸೀದಿ ನೀಡಬೇಕೆಂಬ ನಿರ್ದಿಷ್ಟ ನಿರ್ದೇಶನ, ಅದಕ್ಕೊಂದು ಗಡುವು, ಹಣ ಮುಂದಿಟ್ಟ ದಿನಾಂಕದಿಂದಾಚೆಗೆ ಬಡ್ಡಿ ಮತ್ತು ದಂಡ ಹಾಕಬಾರದೆಂಬ ಬೇಡಿಕೆ, ಈ ಪಾವತಿ ಯಾರ ಹಕ್ಕಿಗೂ ಬಾಧಕವಲ್ಲ ಎಂಬ ಷರತ್ತು ಇಷ್ಟೂ ಇರಬೇಕು. ಕೊನೆಯದನ್ನು ಎದುರಾಳಿ ಕೇಳುವ ಮೊದಲೇ ನೀವೇ ಬರೆದಿದ್ದರೆ ಅವರ ಆಕ್ಷೇಪಣೆಗೆ ಹೆಚ್ಚು ಬಲ ಉಳಿಯುವುದಿಲ್ಲ.

ಮಧ್ಯಂತರ ಆದೇಶಕ್ಕೂ ಕೇಳಿ, ಆದರೆ ಅಂತಿಮವಾಗಿ ಸಿಗಬೇಕಾದದ್ದನ್ನೇ ಮಧ್ಯಂತರದಲ್ಲಿ ಕೇಳಿದಂತೆ ಕಾಣಬಾರದು. ‘ಅರ್ಜಿಯ ಅಂತಿಮ ಫಲಿತಾಂಶಕ್ಕೆ ಒಳಪಟ್ಟು ಮೊತ್ತವನ್ನು ತಾತ್ಕಾಲಿಕವಾಗಿ ಸ್ವೀಕರಿಸಬೇಕು, ಇಲ್ಲವೇ ಅರ್ಜಿದಾರರು ಅದನ್ನು ಈ ನ್ಯಾಯಾಲಯದಲ್ಲಿ ಠೇವಣಿ ಇಡಲು ಅನುಮತಿಸಬೇಕು’ ಎಂದು ಎರಡು ಆಯ್ಕೆ ಕೊಟ್ಟರೆ ನ್ಯಾಯಾಧೀಶರು ಒಂದನ್ನಾದರೂ ಒಪ್ಪುವ ಸಾಧ್ಯತೆ ಹೆಚ್ಚು. ಬಾಕಿಯ ಹೆಸರಿನಲ್ಲಿ ಜಪ್ತಿ ನೋಟಿಸು ಬಂದಿದ್ದರೆ ಅದಕ್ಕೆ ತಡೆಯಾಜ್ಞೆಯನ್ನು ಬೇರೆಯಾಗಿಯೇ ಕೋರಬೇಕು.

ವಿಚಾರಣೆಯಲ್ಲಿ ಸರ್ಕಾರಿ ವಕೀಲರು ‘ಪರಿಗಣಿಸುತ್ತೇವೆ, ಅರ್ಜಿ ಮುಗಿಸಬಹುದು’ ಎಂದರೆ ಅದು ಎಚ್ಚರಿಕೆಯ ಗಂಟೆ. ಒಪ್ಪಲೇಬೇಕಾದ ಪರಿಸ್ಥಿತಿ ಬಂದರೆ ವಾರಗಳಲ್ಲಿ ಗಡುವು, ಅರ್ಜಿದಾರರ ಅಹವಾಲು ಆಲಿಸುವುದು, ಕಾರಣಸಹಿತ ಆದೇಶ, ಅಲ್ಲಿಯವರೆಗೆ ಬಲವಂತದ ವಸೂಲಿ ಇಲ್ಲ ಎಂಬ ನಾಲ್ಕನ್ನೂ ಆದೇಶದಲ್ಲಿ ಸೇರಿಸುವಂತೆ ನಿಮ್ಮ ವಕೀಲರಿಗೆ ಮೊದಲೇ ಹೇಳಿಡಿ.

## ಹಂತ 8: ಆದೇಶ ಬಂದ ಮೇಲೆ

ಹೈಕೋರ್ಟಿನ ಜಾಲತಾಣದಲ್ಲಿ ಆದೇಶ ಕಾಣಿಸಿಕೊಂಡ ದಿನವೇ ಓದಿ. ಸ್ವತ್ತಿನ ಸಂಖ್ಯೆಯಲ್ಲೋ ವರ್ಷದಲ್ಲೋ ತಪ್ಪಿದ್ದರೆ ಕೂಡಲೇ ತಿದ್ದಿಸಬೇಕು. ಒಂದು ಅಂಕಿ ತಪ್ಪಿದರೂ ಅಧಿಕಾರಿಗೆ ಅದು ಹೊಸ ಕಾರಣವಾಗುತ್ತದೆ. ನಂತರ ದೃಢೀಕೃತ ನಕಲನ್ನು ಪಡೆದು, ಹೊಸ ಪತ್ರ ಮತ್ತು ಅವಧಿ ಇರುವ ಡಿಡಿಯೊಂದಿಗೆ ಟಪಾಲು ವಿಭಾಗದಲ್ಲಿ ಸಲ್ಲಿಸಿ. ಆದೇಶ ಸಿಕ್ಕಿತೆಂದು ಸುಮ್ಮನೆ ಕುಳಿತುಕೊಳ್ಳುವವರು ಬಹಳ. ಹಣವನ್ನು ನೀವು ಮತ್ತೊಮ್ಮೆ ಮುಂದಿಡದಿದ್ದರೆ, ಅರ್ಜಿದಾರರೇ ಬರಲಿಲ್ಲ ಎಂದು ಅಧಿಕಾರಿ ಹೇಳುವುದು ನ್ಯಾಯವೇ ಆಗುತ್ತದೆ.

ರಸೀದಿ ಕೈಗೆ ಬಂದಾಗ ಕೌಂಟರಿನಿಂದ ಕದಲುವ ಮೊದಲು ವರ್ಷ, ಸ್ವತ್ತಿನ ಸಂಖ್ಯೆ, ಹೆಸರನ್ನು ನೋಡಿ. ಈ ವರ್ಷದ ತೆರಿಗೆಗೆಂದು ಕೊಟ್ಟ ಹಣವನ್ನು ಹಳೆಯ ಬಾಕಿಯ ಬಡ್ಡಿಗೆ ಜಮಾ ಮಾಡುವುದುಂಟು. ಹಾಗಾಗಿದ್ದರೆ ಅಂದೇ ಲಿಖಿತ ಆಕ್ಷೇಪಣೆ ಕೊಡಬೇಕು.

## ಹಂತ 9: ಆದೇಶವನ್ನು ಪಾಲಿಸದಿದ್ದರೆ

ಗಡುವು ಮುಗಿದ ಮೇಲೆ ಆದೇಶದ ಪ್ರತಿಯೊಂದಿಗೆ ವಕೀಲರ ನೋಟಿಸು ಕಳುಹಿಸಿ, ಅದಕ್ಕೂ ಜಗ್ಗದಿದ್ದರೆ ನ್ಯಾಯಾಂಗ ನಿಂದನೆ ಅಧಿನಿಯಮ 1971ರಡಿ ಸಿವಿಲ್ ನಿಂದನೆಯ ಅರ್ಜಿ ಹಾಕಬಹುದು. ಉಲ್ಲಂಘನೆಯಾದ ದಿನದಿಂದ ಒಂದು ವರ್ಷದ ಒಳಗೆ ಹಾಕಬೇಕೆಂದು 20ನೇ ಪ್ರಕರಣ ಹೇಳುತ್ತದೆ. ಆದೇಶದಲ್ಲಿ ಗಡುವೇ ಇಲ್ಲದಿದ್ದರೆ ಆ ಒಂದು ವರ್ಷ ಯಾವಾಗ ಶುರುವಾಯಿತೆಂಬುದೇ ಚರ್ಚೆಯಾಗುತ್ತದೆ. ಶಿಕ್ಷೆ 6 ತಿಂಗಳವರೆಗಿನ ಸಾದಾ ಸೆರೆವಾಸ, 2,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಆದರೆ ನಿಂದನೆ ಸಾಬೀತಾಗಲು ಅವಿಧೇಯತೆ ಉದ್ದೇಶಪೂರ್ವಕವಾಗಿರಬೇಕು. ಹುದ್ದೆಗೆ ಹೊಸಬರು ಬಂದಿದ್ದರೆ ಅವರಿಗೆ ಆದೇಶವನ್ನು ಮತ್ತೆ ತಲುಪಿಸಿ, ಅವರು ಕ್ರಮ ಕೈಗೊಳ್ಳಲು ಸಮಂಜಸ ಕಾಲಾವಕಾಶ ಕೊಟ್ಟ ಮೇಲೆಯೇ ಅವರ ಹೆಸರಿನಲ್ಲಿ ಅರ್ಜಿ ಹಾಕುವುದು ಸರಿ. ನಿಂದನೆಯ ಅರ್ಜಿಯಲ್ಲಿ ಮೂಲ ಆದೇಶದಲ್ಲಿಲ್ಲದ ಹೊಸ ಪರಿಹಾರವನ್ನು, ಉದಾಹರಣೆಗೆ ಖಾತಾ ಬದಲಾವಣೆಯನ್ನು, ಕೇಳಿದರೆ ಸಿಗುವುದಿಲ್ಲ.

ಮುಂದಿನ ವರ್ಷದ ತೆರಿಗೆಗೆ ಅದೇ ಕಚೇರಿ ಮತ್ತೆ ಅದೇ ತಕರಾರು ತೆಗೆದರೆ, ಮೂಲ ಆದೇಶ ಒಂದು ವರ್ಷಕ್ಕೆ ಮಾತ್ರ ಸೀಮಿತವಾಗಿತ್ತೇ ಎಂದು ನೋಡಿಕೊಳ್ಳಿ. ‘ದಾವೆ ಇತ್ಯರ್ಥವಾಗುವವರೆಗೆ ಪ್ರತಿ ವರ್ಷ’ ಎಂಬ ಮಾತನ್ನು ಕೋರಿಕೆಯಲ್ಲಿ ಸೇರಿಸಿದ್ದವರಿಗೆ ಹಳೆಯ ಆದೇಶದ ಪ್ರತಿಯನ್ನು ಡಿಡಿಯ ಜೊತೆ ಲಗತ್ತಿಸಿದರೆ ಸಾಕು. ಸೇರಿಸದವರು ಮೂರನೆಯ ಹಂತದ ಪತ್ರದಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ.